ವಿದೇಶದಲ್ಲಿ ರೆಸ್ಟೋರೆಂಟ್: ಇಡೀ ದೇಶದ ಹಕ್ಕನ್ನು ಒಬ್ಬರಿಗೇ ಬರೆದುಕೊಡಬಹುದೇ?

ಏಳು ಶಾಖೆ (ಚರ್ಚೆ ಆರಂಭಿಸಿದವರು):

ನಮ್ಮ ರೆಸ್ಟೋರೆಂಟ್ ಆರಂಭವಾಗಿ ಹದಿನಾಲ್ಕು ವರ್ಷಗಳಾದವು. ಈಗ ಏಳು ಶಾಖೆಗಳಿವೆ. ಏಳಕ್ಕೂ ಸರಕು ಹೋಗುವುದು ಒಂದೇ ಸೆಂಟ್ರಲ್ ಕಿಚನ್‌ನಿಂದ, ಮತ್ತು ಅತಿ ದೂರದ ಶಾಖೆಯೂ ಅಲ್ಲಿಂದ ಎರಡು ಗಂಟೆಯ ದಾರಿಯೊಳಗಿದೆ. ಕಳೆದ ತಿಂಗಳು ಬೇರೆ ದೇಶದ ಸಂಸ್ಥೆಯೊಂದು ತಾನಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದಿತು. ಅವರು ಶಾಪಿಂಗ್ ಮಾಲ್‌ಗಳಲ್ಲಿ ಬಟ್ಟೆ, ಪಾದರಕ್ಷೆಗಳ ಮಳಿಗೆಗಳನ್ನು ನಡೆಸುವವರು. ಅಡುಗೆಮನೆ ನಡೆಸಿದ ಅನುಭವ ಅವರಿಗಿಲ್ಲ. ಅವರ ಪ್ರಸ್ತಾವ ಹೀಗಿದೆ: ತಮ್ಮ ಇಡೀ ದೇಶಕ್ಕೆ ನಮ್ಮ ಹೆಸರಿನ ಹಕ್ಕು 20 ವರ್ಷಗಳ ಕಾಲ ಅವರೊಬ್ಬರಿಗೇ ಇರಬೇಕು, ಐದು ವರ್ಷಗಳಲ್ಲಿ 25 ಶಾಖೆಗಳನ್ನು ತೆರೆಯುತ್ತಾರೆ, ಕರಾರಿಗೆ ಸಹಿ ಬಿದ್ದ ದಿನ ಒಂದು ಇಡುಗಂಟು ಕೊಡುತ್ತಾರೆ, ಅನಂತರ ಮಾರಾಟದ ಮೇಲೆ ಶೇ. 5 ರಾಯಲ್ಟಿ (ಹೆಸರು ಬಳಸುವುದಕ್ಕೆ ಕೊಡುವ ಪಾಲು). ಬಂಡವಾಳ, ಬಾಡಿಗೆ, ಸಿಬ್ಬಂದಿ ಎಲ್ಲವೂ ಅವರ ಹೊಣೆ.

ನನ್ನ ಇಬ್ಬರು ಪಾಲುದಾರರ ಪ್ರಕಾರ ಇದು ಕೈಯಿಂದ ಕಾಸು ಬಿಚ್ಚದೆ ಒದಗಿದ ಅವಕಾಶ. ನನಗೆ ಮಾತ್ರ ಸಹಿ ಹಾಕುವ ಧೈರ್ಯ ಬರುತ್ತಿಲ್ಲ. ಏಕೆ ಬರುತ್ತಿಲ್ಲ ಎಂದು ಅವರಿಗೆ ವಿವರಿಸಲೂ ಆಗುತ್ತಿಲ್ಲ. ಇನ್ನೊಂದು ದಾರಿಯೆಂದರೆ, ಸಾಲ ತೆಗೆದು ನಾವೇ ಅಲ್ಲಿ ಒಂದು ಶಾಖೆ ತೆರೆದು, ಅದು ನೆಲೆ ನಿಂತ ಮೇಲೆ ಮುಂದಿನದನ್ನು ಯೋಚಿಸುವುದು. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಮಾತುಕತೆ ಮುಗಿಯುವವರೆಗೆ ದೇಶದ ಹೆಸರನ್ನು ಹೇಳಲಾರೆ, ಕ್ಷಮೆಯಿರಲಿ.

ಆಚೆ ಬದಿ:

ನಾನು ಒಂಬತ್ತು ವರ್ಷ ನಿಮ್ಮ ಎದುರು ಬದಿಯಲ್ಲಿ ಕುಳಿತವನು. ಹೊರಗಿನ ರೆಸ್ಟೋರೆಂಟ್ ಹೆಸರೊಂದರ ಹಕ್ಕನ್ನು ಪಡೆದು ನನ್ನ ದೇಶದಲ್ಲಿ ನಡೆಸಿದೆ. ಆ ಅನುಭವದಿಂದ ಹೇಳುವುದಾದರೆ, 25 ಎಂಬ ಸಂಖ್ಯೆಯ ಮೇಲೆ ಯಾವ ಲೆಕ್ಕವನ್ನೂ ಕಟ್ಟಬೇಡಿ. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ದೊಡ್ಡ ಸಂಖ್ಯೆ ಹೇಳದವನಿಗೆ ಇಡೀ ದೇಶದ ಹಕ್ಕನ್ನು ಯಾರೂ ಕೊಡುವುದಿಲ್ಲ, ಆದ್ದರಿಂದ ಎಲ್ಲರೂ ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ. ನಾನು ಹನ್ನೆರಡು ಎಂದಿದ್ದೆ, ತೆರೆದದ್ದು ನಾಲ್ಕು.

ದೊಡ್ಡವರ ಕಥೆಯೂ ಇದೇ. ಡೊಮಿನೋಸ್ 2015ರಲ್ಲಿ ಸ್ಥಳೀಯ ಫ್ರಾಂಚೈಸಿ (ಹೆಸರು ಬಳಸುವ ಹಕ್ಕು ಪಡೆದ) ಸಂಸ್ಥೆಯೊಂದರ ಮೂಲಕ ಇಟಲಿಗೆ ಹೋಯಿತು. 880 ಮಳಿಗೆಗಳ ಗುರಿ ಪ್ರಕಟವಾಗಿತ್ತು. 2022ರಲ್ಲಿ ಎಲ್ಲವೂ ಬಾಗಿಲು ಮುಚ್ಚಿದಾಗ ಅವುಗಳ ಸಂಖ್ಯೆ ಮೂವತ್ತನ್ನೂ ಮುಟ್ಟಿರಲಿಲ್ಲ. ಅಲ್ಲಿನ ಸಂಸ್ಥೆ ಸಾಲ ಮಾಡಿ ವಿಸ್ತರಿಸಿತ್ತು. ಮನೆಗೆ ತಲುಪಿಸುವ ವ್ಯವಸ್ಥೆಯೇ ತನ್ನ ಬಲವೆಂದು ನಂಬಿತ್ತು. ಸಾಂಕ್ರಾಮಿಕದ ಕಾಲದಲ್ಲಿ ಊರಿನ ಸಾಮಾನ್ಯ ಪಿಜ್ಜಾ ಅಂಗಡಿಗಳೂ ಡೆಲಿವರಿ ಆ್ಯಪ್‌ಗಳ ಮೂಲಕ ಅದನ್ನೇ ಮಾಡತೊಡಗಿದಾಗ ಹೇಳಿಕೊಳ್ಳಲು ಬೇರೇನೂ ಉಳಿಯಲಿಲ್ಲ. ನಿಮ್ಮ ಪಾಲುದಾರರಿಗೆ ನೀವು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಏಳು ಶಾಖೆಗಳ ಯಶಸ್ಸಿನಲ್ಲಿ ನಮ್ಮದೆಷ್ಟು, ನಾವಿರುವ ಜಾಗದ್ದೆಷ್ಟು?

ಉಗ್ರಾಣ:

ಹದಿನೆಂಟು ವರ್ಷಗಳಿಂದ ರೆಸ್ಟೋರೆಂಟ್‌ಗಳಿಗೆ ಸರಕು ಪೂರೈಸುತ್ತಿರುವ ನನಗೆ ನಿಮ್ಮ ಪತ್ರದಲ್ಲಿ ಎದ್ದುಕಂಡದ್ದು ರಾಯಲ್ಟಿಯೂ ಅಲ್ಲ, 20 ವರ್ಷವೂ ಅಲ್ಲ. "ಎರಡು ಗಂಟೆಯ ದಾರಿ" ಎಂಬ ಮಾತು. ನಿಮ್ಮ ವ್ಯಾಪಾರ ಇಡೀ ನಿಂತಿರುವುದು ಆ ಎರಡು ಗಂಟೆಯ ಮೇಲೆ. ಸಂಜೆ ಸರಕು ಕಡಿಮೆ ಬಿದ್ದರೆ ವ್ಯಾನ್ ಓಡುತ್ತದೆ, ಒಂದು ಮಿಶ್ರಣ ಹದಗೆಟ್ಟರೆ ಅದನ್ನು ಚೆಲ್ಲಿ ಇನ್ನೊಂದು ಕಳುಹಿಸುತ್ತೀರಿ, ಹೊಸ ಶಾಖೆಯ ತಪ್ಪು ಆ ದಿನವೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಈ ಯಾವುದಕ್ಕೂ ವೀಸಾ ಸಿಗುವುದಿಲ್ಲ.

ಎರಡು ಉದಾಹರಣೆಗಳನ್ನು ಎದುರುಬದುರಾಗಿ ಇಟ್ಟು ನೋಡಿ. ಮೆಕ್‌ಡೊನಾಲ್ಡ್ಸ್ 1993ರಲ್ಲಿ ಐಸ್‌ಲ್ಯಾಂಡಿನಲ್ಲಿ ಆರಂಭವಾದಾಗ ಮೊದಲ ಬರ್ಗರ್ ತಿಂದವರು ಆ ದೇಶದ ಪ್ರಧಾನಿ. ವ್ಯಾಪಾರಕ್ಕೆ ಕೊರತೆಯಿರಲಿಲ್ಲ. ಆದರೆ ಕರಾರಿನ ಗುಣಮಟ್ಟಕ್ಕೆ ಹೊಂದುವ ಸರಕು ಜರ್ಮನಿಯಿಂದ ಬರುತ್ತಿತ್ತು, ಅದಕ್ಕೆ ಯೂರೋದಲ್ಲಿ ಹಣ ಕೊಡಬೇಕಿತ್ತು. 2008ರಲ್ಲಿ ಬ್ಯಾಂಕುಗಳು ಕುಸಿದು ಅಲ್ಲಿನ ನಾಣ್ಯವಾದ ಕ್ರೋನಾದ ಬೆಲೆ ಪಾತಾಳಕ್ಕಿಳಿದ ಮೇಲೆ ಖರ್ಚು ಸುಮಾರು ಇಮ್ಮಡಿಯಾಯಿತು, ದರ ಏರಿಸಿದರೆ ಕೊಳ್ಳುವವರಿಲ್ಲದಂತಾಯಿತು, 2009ರ ಅಕ್ಟೋಬರ್ ಕೊನೆಗೆ ಮೂರೂ ಮಳಿಗೆಗಳು ಮುಚ್ಚಿದವು. ಅದೇ ಸ್ಥಳೀಯ ಮಾಲೀಕರು ಹೆಸರು ಬದಲಿಸಿ, ಹತ್ತಿರದಲ್ಲೇ ಸಿಗುವ ಸರಕನ್ನು ಬಳಸಿ ವ್ಯಾಪಾರ ಮುಂದುವರಿಸಿದರು. ಅಂದರೆ ಗಿರಾಕಿಯೂ ಇದ್ದ, ಜಾಗವೂ ಇತ್ತು. ತಾಳದೆ ಹೋದದ್ದು ಪೂರೈಕೆಯ ದಾರಿ ಮಾತ್ರ.

ಇನ್ನೊಂದು ಅದೇ ಮೆಕ್‌ಡೊನಾಲ್ಡ್ಸ್‌ನ ಮಾಸ್ಕೋ ಮಳಿಗೆ. ಮಾತುಕತೆ 1976ರಲ್ಲಿ ಶುರುವಾಗಿ ಮಳಿಗೆ ತೆರೆದದ್ದು 1990ರ ಜನವರಿ 31ರಂದು. ಬೇಕಾದ ಗುಣಮಟ್ಟದ ಸರಕು ಅಲ್ಲಿ ಸಿಗದ ಕಾರಣ, ಒಂದೂ ಬರ್ಗರ್ ಮಾರುವ ಮೊದಲೇ ನಗರದ ಅಂಚಿನಲ್ಲಿ ಹಿಟ್ಟಿನಿಂದ ಹಿಡಿದು ಮಾಂಸದವರೆಗೆ ಎಲ್ಲವನ್ನೂ ಸಿದ್ಧಪಡಿಸುವ ದೊಡ್ಡ ಕಾರ್ಖಾನೆ ಕಟ್ಟಿದರು. ಆ ಸಂಸ್ಥೆ 2022ರಲ್ಲಿ ರಷ್ಯಾವನ್ನು ಬಿಟ್ಟದ್ದು ಯುದ್ಧದ ಕಾರಣಕ್ಕೆ, ಅಡುಗೆಮನೆಯ ಕಾರಣಕ್ಕಲ್ಲ. ಅಂಥ ಕಾರ್ಖಾನೆ ಕಟ್ಟುವ ಶಕ್ತಿ ನಮ್ಮಂಥವರಿಗಿಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದಮೇಲೆ ಪೂರೈಕೆಯ ದಾರಿ ಗಟ್ಟಿಯಾಗುವ ಮೊದಲು ಶಾಖೆಗಳ ಸಂಖ್ಯೆಯ ಮಾತೇ ಅಕಾಲ.

ಏಳು ಶಾಖೆ:

ಉಗ್ರಾಣ ಅವರೇ, ನಮ್ಮ ರುಚಿ ನಿಂತಿರುವುದು ಮೂರು ಮೂಲ ಮಿಶ್ರಣಗಳ ಮೇಲೆ. ಅವುಗಳನ್ನು ಇಲ್ಲೇ ತಯಾರಿಸಿ, ಶೈತ್ಯ ಕಂಟೇನರ್‌ನಲ್ಲಿ ಕಳುಹಿಸಿದರೆ ಸಾಲದೇ? ಸೂತ್ರವೂ ನಮ್ಮ ಕೈಯಲ್ಲೇ ಉಳಿಯುತ್ತದೆ.

ಉಗ್ರಾಣ:

ಮಿಶ್ರಣದಲ್ಲಿ ಹಾಲು, ಮೊಟ್ಟೆ, ಮಾಂಸ, ಮೀನಿನ ಅಂಶವಿದೆಯೇ ಎಂಬುದನ್ನು ಮೊದಲು ನೋಡಿ. ಇದ್ದರೆ ಹಲವು ದೇಶಗಳ ಗಡಿಯಲ್ಲಿ ಅದು ಬೇರೆಯೇ ಕಡತವಾಗುತ್ತದೆ. ಐರೋಪ್ಯ ಒಕ್ಕೂಟವು ಪ್ರಾಣಿಮೂಲದ ಆಹಾರವನ್ನು ಸಾಮಾನ್ಯವಾಗಿ ತಾನು ಒಪ್ಪಿದ ದೇಶಗಳಿಂದ, ಒಪ್ಪಿದ ಘಟಕಗಳಿಂದ ಮಾತ್ರ ಒಳಗೆ ಬಿಡುತ್ತದೆ. ಇನ್ನು ಸೂತ್ರದ ಗುಟ್ಟು ಪೂರ್ತಿ ಉಳಿಯುವುದಿಲ್ಲ, ಏಕೆಂದರೆ ಅಲರ್ಜಿ ಉಂಟುಮಾಡುವ ಪದಾರ್ಥಗಳನ್ನು ಗ್ರಾಹಕರಿಗೆ ತಿಳಿಸಲೇಬೇಕು. ಒಕ್ಕೂಟದಲ್ಲಿ ಅಂಥವು 14. ಅಮೆರಿಕದಲ್ಲಿ ಪ್ಯಾಕ್ ಮಾಡಿದ ಆಹಾರದ ಮೇಲೆ ನಮೂದಿಸಬೇಕಾದವು 2023ರಿಂದ ಎಳ್ಳೂ ಸೇರಿ ಒಂಬತ್ತು. ಪ್ರಮಾಣವನ್ನು ಮುಚ್ಚಿಡಬಹುದು, ಪದಾರ್ಥವನ್ನು ಮುಚ್ಚಿಡಲಾಗದು.

ಅದಕ್ಕಿಂತ ಮೊದಲು ಒಂದು ಅಗ್ಗದ ಪರೀಕ್ಷೆ ಮಾಡಿ. ನಿಮ್ಮಲ್ಲಿ ಅತಿ ಹೆಚ್ಚು ಖರ್ಚಾಗುವ ಐದು ತಿನಿಸುಗಳನ್ನು, ಆ ಮೂರು ಮಿಶ್ರಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ಆ ದೇಶದ ಮಾರುಕಟ್ಟೆಯಲ್ಲೇ ಕೊಂಡು, ಅಲ್ಲಿನ ಬಾಡಿಗೆ ಅಡುಗೆಮನೆಯೊಂದರಲ್ಲಿ ಒಂದು ತಿಂಗಳು ಮಾಡಿ ನೋಡಿ. ಐದರಲ್ಲಿ ಎರಡು ಅಲ್ಲಿ ಬಾರದಿದ್ದರೆ ಕರಾರಿನ ಮಾತು ಮುಂದಕ್ಕೆ ಹಾಕಿ.

ರಾತ್ರಿ ಪಾಳಿ:

ಉಗ್ರಾಣ ಅವರು ಹೇಳಿದ ಪರೀಕ್ಷೆಗೆ ಒಂದು ಸೇರಿಸುತ್ತೇನೆ: ಅಡುಗೆ ಮಾಡುವವರು ನಿಮ್ಮ ಹಳಬರಾಗಿರಬಾರದು. ನಾನು ಬಾಣಸಿಗ. ಒಂದು ಸಂಸ್ಥೆಯ ಪರವಾಗಿ ಹೊರದೇಶದ ಶಾಖೆಗೆ ತರಬೇತಿ ಕೊಡಲು ಐದು ವಾರ ಹೋಗಿದ್ದೆ. ನಾನಿದ್ದಷ್ಟು ದಿನ ಎಲ್ಲವೂ ಸರಿಯಿತ್ತು. ಮೂರು ತಿಂಗಳ ನಂತರ ಹೋದಾಗ ಅದು ನಮ್ಮ ಅಡುಗೆಯಾಗಿರಲಿಲ್ಲ. ಯಾರೂ ಬೇಜವಾಬ್ದಾರಿ ತೋರಿರಲಿಲ್ಲ. ಮಾಲ್‌ನ ನಿಯಮದಂತೆ ಅಲ್ಲಿ ಗ್ಯಾಸ್ ಉರಿಗೆ ಅನುಮತಿಯಿರಲಿಲ್ಲ, ವಿದ್ಯುತ್ ಒಲೆಯ ಮೇಲೆ ನಮ್ಮ ದಪ್ಪ ತಳದ ಪಾತ್ರೆ ಬೇರೆಯೇ ರೀತಿಯಲ್ಲಿ ಕಾಯುತ್ತಿತ್ತು. ನಾನು ಅದನ್ನು ಕೈಯಳತೆಯಿಂದ ಸರಿದೂಗಿಸುತ್ತಿದ್ದೆ, ಆದರೆ ಹಾಗೆ ಮಾಡುತ್ತಿದ್ದೇನೆಂಬುದು ನನಗೇ ತಿಳಿದಿರಲಿಲ್ಲವಾದ್ದರಿಂದ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೋಗುವ ಮೊದಲು ನಾವು ಬರೆದಿದ್ದ ಕೈಪಿಡಿಯಲ್ಲಿ "ಬಣ್ಣ ತಿರುಗುವವರೆಗೆ" ಎಂದಿತ್ತು. ಯಾವ ಬಣ್ಣ, ಎಷ್ಟು ನಿಮಿಷ, ಎಷ್ಟು ಡಿಗ್ರಿ ಎಂಬುದೊಂದೂ ಇರಲಿಲ್ಲ. ಜೊತೆಗೆ ನಾನು ಕಲಿಸಿದ ಆರು ಜನರಲ್ಲಿ ನಾಲ್ವರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು; ಹೊಸಬರು ಹಳಬರಿಂದ ಕಲಿತದ್ದು ಬಾಯಿಪಾಠದ ಮೂರನೆಯ ಪ್ರತಿ.

ನಿಮ್ಮ ಏಳು ಶಾಖೆಗಳ ಕೈಪಿಡಿಯನ್ನು ಹೊರಗಿನವರೊಬ್ಬರ ಕೈಗೆ ಕೊಟ್ಟು, ಬಾಯಿಂದ ಒಂದು ಮಾತೂ ಹೇಳದೆ, ಅಡುಗೆ ಮಾಡಿಸಿ ನೋಡಿ. ಹೊರದೇಶಕ್ಕೆ ಹೋಗದಿದ್ದರೂ ಇದರಿಂದ ಲಾಭವಿದೆ.

ಇನ್ನೊಂದು ಮಗ್ಗುಲು:

ಇಲ್ಲಿಯವರೆಗಿನ ಮಾತುಗಳನ್ನು ಓದಿದರೆ ಯಾರೂ ಊರು ಬಿಟ್ಟು ಕದಲಬಾರದು ಎನ್ನಿಸುತ್ತದೆ. ಅಡುಗೆಮನೆ ತಿಳಿಯದ ವಿದೇಶಿ ಪಾಲುದಾರರೆಂಬ ಕಾರಣಕ್ಕೆ ಬೇಡವೆನ್ನುವುದನ್ನು ನಾನು ಒಪ್ಪುವುದಿಲ್ಲ. 1971ರಲ್ಲಿ ಮೆಕ್‌ಡೊನಾಲ್ಡ್ಸ್ ಜಪಾನಿಗೆ ಹೋದಾಗ ಕೈಜೋಡಿಸಿದ ಡೆನ್ ಫುಜಿತಾ ಅವರು ಕೈಚೀಲ, ಅಲಂಕಾರ ಸಾಮಗ್ರಿಗಳ ಆಮದುದಾರರು, ಹೋಟೆಲ್ ನಡೆಸಿದವರಲ್ಲ. ಅಮೆರಿಕದವರು ತಮ್ಮ ರೂಢಿಯಂತೆ ನಗರದ ಹೊರವಲಯದಲ್ಲಿ ಮೊದಲ ಮಳಿಗೆ ಬೇಕೆಂದರು. ಫುಜಿತಾ ಅವರು ಹಟ ಹಿಡಿದು ಟೋಕಿಯೊ ನಗರದ ನಡುವಣ ಗಿಂಜಾದಲ್ಲಿ, ಮಿತ್ಸುಕೋಶಿ ಎಂಬ ದೊಡ್ಡ ಮಳಿಗೆಯ ನೆಲಮಹಡಿಯಲ್ಲಿ ತೆರೆಸಿದರು, ಮತ್ತು ಅವರ ಮಾತೇ ನಿಜವಾಯಿತು. ಜಾಗವನ್ನು ಬಲ್ಲವರ ಬೆಲೆ ಅದು. ಮಾಲ್‌ಗಳಲ್ಲಿ ಬಾಡಿಗೆ ಚೌಕಾಸಿ ಮಾಡಿ ಪಳಗಿದ ಸಂಸ್ಥೆಯೊಂದು ನಿಮಗೆ ಒದಗಿಸುವುದು ಇದನ್ನೇ.

ಸ್ವಂತವಾಗಿ ಹೋದರೆ ಕ್ಷೇಮ ಎಂಬುದೂ ಭ್ರಮೆ. ಸ್ಟಾರ್‌ಬಕ್ಸ್ 2000ದಲ್ಲಿ ಆಸ್ಟ್ರೇಲಿಯಾಕ್ಕೆ ಹೋದದ್ದು ಸ್ವಂತ ಮಳಿಗೆಗಳೊಂದಿಗೆ. ಒಳ್ಳೆಯ ಕಾಫಿಯ ಅಭ್ಯಾಸ ಆ ದೇಶಕ್ಕೆ ಇಟಲಿ, ಗ್ರೀಸ್‌ಗಳಿಂದ ವಲಸೆ ಬಂದವರಿಂದ ದಶಕಗಳ ಹಿಂದೆಯೇ ಬಂದಿತ್ತು. ಅದನ್ನು ಲೆಕ್ಕಿಸದೆ ಬೇಗಬೇಗನೆ 84 ಮಳಿಗೆಗಳಾದವು. 2008ರಲ್ಲಿ 61ನ್ನು ಒಟ್ಟಿಗೆ ಮುಚ್ಚಬೇಕಾಯಿತು. ಉಳಿದವನ್ನು 2014ರಲ್ಲಿ ಸ್ಥಳೀಯ ಸಂಸ್ಥೆಗೆ ಮಾರಿದರು.

ಆಚೆ ಬದಿ:

ಫುಜಿತಾ ಅವರ ಉದಾಹರಣೆ ಒಪ್ಪತಕ್ಕದ್ದೇ. ಆದರೆ ಅದು ಜಂಟಿ ಸಂಸ್ಥೆ. ಮೂಲ ಸಂಸ್ಥೆಯ ಹಣವೂ ಅದರಲ್ಲಿತ್ತು, ಹಾಗಾಗಿ ಮೂಲ ಸಂಸ್ಥೆಯವರು ಮೇಜಿನ ಬಳಿ ಕುಳಿತಿದ್ದರು. ಇಲ್ಲಿ ಪ್ರಶ್ನೆ ಕೇಳಿದವರಿಗೆ ಬಂದಿರುವುದು ಹಕ್ಕು ಬರೆದುಕೊಟ್ಟು ಮನೆಯಲ್ಲಿ ಕುಳಿತಿರಿ ಎಂಬ ಪ್ರಸ್ತಾವ. ಎರಡೂ ಒಂದೇ ಅಲ್ಲ.

ಲೆಕ್ಕದ ಪುಸ್ತಕ:

"ಕೈಯಿಂದ ಕಾಸು ಬಿಚ್ಚದೆ" ಎಂಬುದರ ಬಗ್ಗೆ ಒಂದು ಚಿಕ್ಕ ಲೆಕ್ಕ. ಅಲ್ಲಿನ ಒಂದು ಶಾಖೆಯ ವರ್ಷದ ಮಾರಾಟ 100 ಎಂದಿಟ್ಟುಕೊಳ್ಳಿ. ನಿಮ್ಮ ರಾಯಲ್ಟಿ 5. ಆ ದೇಶ ಹೊರಗೆ ಹೋಗುವ ರಾಯಲ್ಟಿಯ ಮೇಲೆ ಶೇ. 10 ತೆರಿಗೆಯನ್ನು ಮೂಲದಲ್ಲೇ ಮುರಿದುಕೊಂಡರೆ ಕೈಗೆ ಬರುವುದು 4.5, ದರ ಎಷ್ಟು, ನಿಮ್ಮ ಕಡೆ ಅದಕ್ಕೆ ರಿಯಾಯಿತಿ ಸಿಗುತ್ತದೆಯೇ ಎಂಬುದು ಎರಡೂ ದೇಶಗಳ ತೆರಿಗೆ ಒಪ್ಪಂದವನ್ನು ಅವಲಂಬಿಸಿದೆ. ಇದರಿಂದ ತರಬೇತುದಾರರ ಪ್ರಯಾಣ, ವಸತಿ, ವರ್ಷಕ್ಕೆರಡು ತಪಾಸಣೆ, ವಕೀಲರ ಶುಲ್ಕ, ಕೈಪಿಡಿಯ ಅನುವಾದ ಎಲ್ಲವೂ ಹೊರಡಬೇಕು. ನಾಲ್ಕೈದು ಶಾಖೆಗಳಾಗುವವರೆಗೆ ನೀವು ಕೈಯಿಂದಲೇ ಹಾಕುತ್ತಿರುತ್ತೀರಿ. ಇಡುಗಂಟನ್ನು ಲಾಭವೆಂದು ಹಂಚಿಕೊಳ್ಳದೆ ಬೇರೆ ಖಾತೆಯಲ್ಲಿಟ್ಟು ಈ ಖರ್ಚಿಗೆ ಮೀಸಲಿಡಿ. ಪಾಲುದಾರರು ಇದಕ್ಕೆ ಒಪ್ಪದಿದ್ದರೆ ತೊಡಕಿರುವುದು ನಿಮ್ಮೊಳಗೇ ಹೊರತು ವಿದೇಶದಲ್ಲಲ್ಲ.

ರಾಯಲ್ಟಿ ಲಾಭದ ಮೇಲಲ್ಲದೆ ಒಟ್ಟು ಮಾರಾಟದ ಮೇಲಿರುವುದು ನಿಮಗೆ ಅನುಕೂಲ, ಅದನ್ನು ಬಿಟ್ಟುಕೊಡಬೇಡಿ. ಆದರೆ ಡೆಲಿವರಿ ಆ್ಯಪ್ ಮೂಲಕ ಆಗುವ ಮಾರಾಟವನ್ನು ಕಮಿಷನ್ ಮುರಿಯುವ ಮೊದಲು ಎಣಿಸಬೇಕೇ, ಮುರಿದ ಮೇಲೆಯೇ ಎಂಬುದನ್ನು ಬರೆಸಿಕೊಳ್ಳಿ. ನಾನು ಕಂಡ ಜಗಳಗಳಲ್ಲಿ ಅರ್ಧ ಇದೊಂದೇ ಸಾಲಿನವು.

ಕರಾರು:

ಮೇಲಿನ ಎಲ್ಲರ ಮಾತುಗಳೂ ಕೊನೆಗೆ ಕಾಗದಕ್ಕೆ ಇಳಿಯಬೇಕಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದು ಸಾಮಾನ್ಯ ತಿಳಿವಳಿಕೆ ಮಾತ್ರ. ಆ ದೇಶದ ವಕೀಲರನ್ನು ನೀವೇ ನೇಮಿಸಿಕೊಳ್ಳಬೇಕು, ಎದುರು ಪಕ್ಷ ಸೂಚಿಸಿದವರನ್ನಲ್ಲ.

ಮೊದಲನೆಯದು ಹೆಸರು. ಇವತ್ತೇ ಆ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯಲ್ಲಿ ನಿಮ್ಮ ಹೆಸರನ್ನು ಹುಡುಕಿಸಿ. ಚೀನಾದಂಥ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವನಿಗೆ ಆದ್ಯತೆ. ಅಮೆರಿಕದಲ್ಲಿ ಬಳಕೆಗೆ ಹೆಚ್ಚಿನ ತೂಕ. ನಿಮ್ಮ ದೇಶದಲ್ಲಿ ಹೊಸದಾಗಿ ಅರ್ಜಿ ಹಾಕಿದ್ದರೆ, ಟ್ರೇಡ್‌ಮಾರ್ಕ್‌ನಂಥ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಪ್ಯಾರಿಸ್ ಒಡಂಬಡಿಕೆಯ ಪ್ರಕಾರ ಆರು ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಅದೇ ದಿನಾಂಕದ ಆದ್ಯತೆ ಕೋರಬಹುದು. ಟ್ರೇಡ್‌ಮಾರ್ಕ್‌ಗಳ ಅಂತರರಾಷ್ಟ್ರೀಯ ನೋಂದಣಿಗಿರುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಒಂದೇ ಅರ್ಜಿಯಿಂದ ಹಲವು ದೇಶಗಳನ್ನು ಸೂಚಿಸಬಹುದಾದರೂ, ಮೊದಲ ಐದು ವರ್ಷ ಅದು ಮೂಲ ದೇಶದ ನೋಂದಣಿಗೆ ಕಟ್ಟುಬಿದ್ದಿರುತ್ತದೆ; ಇಲ್ಲಿ ಬಿದ್ದರೆ ಅಲ್ಲೂ ಬೀಳುತ್ತದೆ.

ಎರಡನೆಯದಕ್ಕೆ ಒಂದು ಮೊಕದ್ದಮೆಯನ್ನು ಹೇಳಬೇಕು. ಬರ್ಗರ್ ಕಿಂಗ್ ಆಸ್ಟ್ರೇಲಿಯಾಕ್ಕೆ ಹೋದಾಗ ಆ ಹೆಸರು ಅಡಿಲೇಡ್‌ನ ಅಂಗಡಿಯೊಂದರ ಪಾಲಾಗಿತ್ತು. ಹಾಗಾಗಿ ಅಲ್ಲಿನ ಫ್ರಾಂಚೈಸಿದಾರ ಜ್ಯಾಕ್ ಕೋವಿನ್ ಅವರು 1971ರಲ್ಲಿ ಹಂಗ್ರಿ ಜ್ಯಾಕ್ಸ್ ಎಂಬ ಹೆಸರಿನಲ್ಲಿ ಪರ್ತ್‌ನಲ್ಲಿ ಆರಂಭಿಸಿದರು. ಮುಂದೆ ಆದ ಒಪ್ಪಂದದಲ್ಲಿ, ಅವರು ವರ್ಷಕ್ಕೆ ಇಂತಿಷ್ಟು ಹೊಸ ಮಳಿಗೆಗಳನ್ನು ತೆರೆಯಲೇಬೇಕು, ಪ್ರತಿಯೊಂದಕ್ಕೂ ಬರ್ಗರ್ ಕಿಂಗ್‌ನ ಅನುಮತಿ ಬೇಕು ಎಂದಿತ್ತು. ಬರ್ಗರ್ ಕಿಂಗ್ ಅನುಮತಿಗಳನ್ನು ತಡೆಹಿಡಿದು, ಅನಂತರ ಮಳಿಗೆಗಳ ಸಂಖ್ಯೆ ತುಂಬಲಿಲ್ಲವೆಂದು ಒಪ್ಪಂದವನ್ನೇ ಕೊನೆಗೊಳಿಸಲು ಹೊರಟಿತು. 2001ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯವು ಇದು ಸದ್ಭಾವನೆಯ ನಡೆಯಲ್ಲವೆಂದು ಹೇಳಿ, ಕೋವಿನ್ ಅವರ ಪರವಾಗಿ ಭಾರಿ ಪರಿಹಾರದ ಆದೇಶ ನೀಡಿತು. ಅಷ್ಟರಲ್ಲಿ ಬರ್ಗರ್ ಕಿಂಗ್ ತನ್ನ ಹೆಸರಿನಲ್ಲೇ ಅಲ್ಲಿ ತೆರೆದಿದ್ದ ಮಳಿಗೆಗಳೇ ಕೊನೆಗೆ ಹಂಗ್ರಿ ಜ್ಯಾಕ್ಸ್ ಆದವು. ಇದನ್ನು ಹೇಳಲು ಕಾರಣ, ನಿಮ್ಮಂಥವರು ಸಾಮಾನ್ಯವಾಗಿ "ಗುರಿ ಮುಟ್ಟದಿದ್ದರೆ ಹಕ್ಕು ಹಿಂದಕ್ಕೆ" ಎಂಬ ಸಾಲು ಬರೆಸಿ ನೆಮ್ಮದಿಯಾಗಿಬಿಡುತ್ತಾರೆ. ಗುರಿ ಮುಟ್ಟಲು ನಿಮ್ಮ ಅನುಮತಿ ಬೇಕಾಗಿದ್ದು, ನೀವು ಅದನ್ನು ತಡಮಾಡಿದರೆ, ಅದೇ ಸಾಲು ನಿಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ. ಅನುಮತಿಗೆ ದಿನಗಳ ಮಿತಿ, ನಿರಾಕರಣೆಗೆ ಲಿಖಿತ ಕಾರಣ, ಎರಡೂ ಇರಲಿ.

ಮೂರನೆಯದು ವ್ಯಾಪ್ತಿ. ಇಡೀ ದೇಶ ಬೇಡ. ಒಂದು ನಗರ, ಮೂರು ಶಾಖೆ, ಮೂರು ವರ್ಷ. ಅದು ನಡೆದರೆ ಮುಂದಿನ ನಗರಕ್ಕೆ ಅವರಿಗೇ ಮೊದಲ ಅವಕಾಶ. ಮುಗಿದ ಮೇಲೆ ಫಲಕ ಇಳಿಸುವವರು ಯಾರು, ಉಳಿದ ಮಿಶ್ರಣ ಏನಾಗಬೇಕು, ಕೈಪಿಡಿ ಎಷ್ಟು ದಿನದಲ್ಲಿ ಮರಳಬೇಕು ಎಂಬುದನ್ನು ಸಂಬಂಧ ಚೆನ್ನಾಗಿರುವಾಗಲೇ ಬರೆಯಿರಿ. ನೀವು ಹೋಗುವ ದೇಶ ಅಮೆರಿಕವಾದರೆ, ನಿಮ್ಮ ಸಂಸ್ಥೆ ಹಾಗೂ ಕರಾರಿನ ಬಗ್ಗೆ 23 ಅಂಶಗಳ ಮಾಹಿತಿ ಪತ್ರವನ್ನು ಸಹಿ ಅಥವಾ ಹಣಕ್ಕೆ ಕನಿಷ್ಠ 14 ದಿನ ಮೊದಲು ನೀವೇ ಅವರಿಗೆ ಕೊಡಬೇಕು. ಆಸ್ಟ್ರೇಲಿಯಾದಲ್ಲೂ 14 ದಿನಗಳ ನಿಯಮವಿದೆ. ಹಕ್ಕು ಕೊಡುವವರು ಚಿಕ್ಕವರೆಂಬ ಕಾರಣಕ್ಕೆ ಇವು ತಪ್ಪುವುದಿಲ್ಲ.

ಏಳು ಶಾಖೆ:

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಉತ್ತರಿಸದಿದ್ದುದಕ್ಕೆ ಕಾರಣವಿದೆ. ಕರಾರು ಅವರು ಹೇಳಿದಂತೆ ಹೆಸರನ್ನು ಹುಡುಕಿಸಿದೆವು. ಆ ದೇಶದಲ್ಲಿ ನಮ್ಮ ಹೆಸರಿಗೆ ಹನ್ನೊಂದು ವಾರಗಳ ಹಿಂದೆ ಅರ್ಜಿ ಬಿದ್ದಿದೆ. ಅರ್ಜಿದಾರರ ವಿಳಾಸ ನಮ್ಮೊಂದಿಗೆ ಮಾತನಾಡುತ್ತಿರುವ ಸಂಸ್ಥೆಯ ಕಚೇರಿಯದೇ. ಅಂದರೆ ನಮಗೆ ಮೊದಲ ಪತ್ರ ಬರೆಯುವ ಮೊದಲೇ ಅವರು ಅರ್ಜಿ ಹಾಕಿದ್ದಾರೆ. ಕೇಳಿದರೆ, ಬೇರೆ ಯಾರಾದರೂ ಕಸಿದುಕೊಳ್ಳದಿರಲೆಂದು ನಿಮ್ಮ ಹಿತಕ್ಕಾಗಿಯೇ ಮಾಡಿದೆವು ಎಂದು ಬಹಳ ಸಹಜವಾಗಿ ಹೇಳಿದರು. ನನ್ನ ಪಾಲುದಾರರೊಬ್ಬರು ಅದನ್ನು ನಂಬುತ್ತಾರೆ, ಇನ್ನೊಬ್ಬರು ಅಂದಿನಿಂದ ಮಾತೇ ಆಡುತ್ತಿಲ್ಲ.

ಕರಾರು:

ಅವರು ಹೇಳಿದ್ದು ನಿಜವೂ ಇರಬಹುದು. ಹಾಗೆ ಮಾಡುವವರನ್ನೂ ನೋಡಿದ್ದೇನೆ. ನಿಜವೇ ಎಂದು ತಿಳಿಯಲು ಸುಲಭದ ದಾರಿಯಿದೆ. ಆ ಅರ್ಜಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಪತ್ರ ಸಿದ್ಧಪಡಿಸಿ, ಕರಾರಿನ ಮಾತುಕತೆಗೆ ಅದನ್ನು ಜೋಡಿಸದೆ, ಬೇರೆಯಾಗಿ ಸಹಿಗೆ ಕಳುಹಿಸಿ. ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೇಳಿದರೆ ಉತ್ತರ ಸಿಕ್ಕಂತೆ. ಪ್ರತಿನಿಧಿಯೊಬ್ಬ ಒಡೆಯನ ಒಪ್ಪಿಗೆಯಿಲ್ಲದೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡರೆ ಅದನ್ನು ವಿರೋಧಿಸುವ ಅಥವಾ ರದ್ದುಪಡಿಸುವ ಹಕ್ಕು ಪ್ಯಾರಿಸ್ ಒಡಂಬಡಿಕೆಯಲ್ಲೇ ಇದೆ. ಆದರೆ ಅರ್ಜಿ ಬಿದ್ದ ದಿನ ಅವರು ನಿಮ್ಮ ಪ್ರತಿನಿಧಿಗಳಾಗಿರಲಿಲ್ಲ ಎಂಬ ವಾದ ಬರಬಹುದು. ಆಗ ದುರುದ್ದೇಶದ ಅರ್ಜಿಯೆಂದು ತೋರಿಸಬೇಕಾಗುತ್ತದೆ. ಅವರ ಮೊದಲ ಪತ್ರದಿಂದ ಹಿಡಿದು ಎಲ್ಲ ಇಮೇಲ್‌ಗಳನ್ನು ದಿನಾಂಕ ಸಮೇತ ತೆಗೆದಿಡಿ. ಆಕ್ಷೇಪಣೆಗೆ ಇರುವ ಅವಧಿ ಚಿಕ್ಕದು, ಕೊನೆಯ ದಿನವನ್ನು ಅಲ್ಲಿನ ವಕೀಲರಿಂದ ಇಂದೇ ಬರೆಸಿಕೊಳ್ಳಿ.

ಇನ್ನೊಂದು ಮಗ್ಗುಲು:

ಜಾಗ ಬಲ್ಲ ಪಾಲುದಾರರ ಪರವಾಗಿ ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಈ ಪಾಲುದಾರರ ವಿಷಯದಲ್ಲಿ ಮಾತ್ರ ವರ್ಗಾವಣೆ ಪತ್ರ ಬರುವವರೆಗೆ ಕಾಯುತ್ತೇನೆ.

ಏಳು ಶಾಖೆ:

ವರ್ಗಾವಣೆ ಪತ್ರಕ್ಕೆ ಒಂಬತ್ತನೆಯ ದಿನ ಸಹಿ ಬಂತು, ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ದಾಖಲಾಗುವುದು ಬಾಕಿಯಿದೆ. ಒಂದು ನಗರ, ಮೂರು ಶಾಖೆಗಳ ಪ್ರತಿಪ್ರಸ್ತಾವವನ್ನು ಅವರು ಪೂರ್ತಿ ಒಪ್ಪಿಲ್ಲ. ಎರಡು ನಗರ ಕೇಳುತ್ತಿದ್ದಾರೆ, ಇಡುಗಂಟನ್ನು ಅರ್ಧಕ್ಕೆ ಇಳಿಸಿದ್ದಾರೆ. ಮಾತುಕತೆಯನ್ನು ಎರಡು ತಿಂಗಳು ಮುಂದೂಡಿದ್ದೇವೆ. ಬಾಡಿಗೆ ಅಡುಗೆಮನೆ ಗೊತ್ತಾಗಿದೆ, ವಿದ್ಯುತ್ ಒಲೆಯದ್ದೇ. ನಮ್ಮವರಲ್ಲದ ಇಬ್ಬರು ಬಾಣಸಿಗರನ್ನು ಅಲ್ಲಿಯೇ ತೆಗೆದುಕೊಂಡಿದ್ದೇವೆ. ಕೈಪಿಡಿಯಲ್ಲಿ "ಬಣ್ಣ ತಿರುಗುವವರೆಗೆ" ಎಂಬುದು ಹದಿನೇಳು ಕಡೆ ಸಿಕ್ಕಿತು. ಅದನ್ನು ತಿದ್ದುವ ಕೆಲಸ ನಡೆಯುತ್ತಿದೆ.